ಅಪರಾಧ ಕಾದಂಬರಿಗೆ ಕೈಹಚ್ಚುವ ಮುನ್ನ ಏನನ್ನು, ಯಾವ ಕ್ರಮದಲ್ಲಿ ಓದಬೇಕು

ಅಪರಾಧ ಕಾದಂಬರಿ ಬರೆಯಲು ಹೊರಟವರು ಸಿದ್ಧತೆಯೆಂದು ಮೊದಲು ಓದುವುದು ಬಹುಪಾಲು ಬೇರೆಯವರ ಅಪರಾಧ ಕಾದಂಬರಿಗಳನ್ನೇ. ಕಥೆಯ ಓಟವನ್ನು ಕಲಿಯಲು ಅದು ಒಳ್ಳೆಯ ದಾರಿ. ಆದರೆ ಮಳೆಗಾಲದ ಒಂದು ಬೆಳಗ್ಗೆ ಮಾಹಿಮ್ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಹೆಣವೊಂದು ಕಂಡಾಗ ಸ್ಥಳಕ್ಕೆ ಬಂದ ಪಿ.ಎಸ್.ಐ. ಯಾವ ಕಾಗದ ಬರೆಯುತ್ತಾರೆ, ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಯಾವುದನ್ನು ಖಚಿತವಾಗಿ ಹೇಳುತ್ತಾರೆ, ಯಾವುದನ್ನು ಹೇಳಲು ಒಪ್ಪುವುದಿಲ್ಲ ಎಂಬುದು ಆ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಅದು ಬಹಳ ಸಲ ಲಂಡನ್ನಿನದೋ ನ್ಯೂಯಾರ್ಕಿನದೋ ಆಗಿರುತ್ತದೆ. ಮುಂಬಯಿಯಲ್ಲಿದ್ದು ಕನ್ನಡದಲ್ಲಿ ಬರೆಯುವವರಿಗೆ ಬೇಕಾದ ಓದು ಬೇರೆ, ಮತ್ತು ಅದರಲ್ಲಿ ಹೆಚ್ಚಿನದು ದುಡ್ಡು ಖರ್ಚು ಮಾಡದೆಯೇ ದೊರೆಯುತ್ತದೆ.

ಈ ಓದಿಗೆ ಒಂದು ಗುರಿ ಬೇಕು. ತನಿಖೆ ಮಾಡುವವರಿಗೆ ಏನೇನು ತಿಳಿಯುತ್ತದೆ ಎಂದು ಹುಡುಕುವುದಕ್ಕಿಂತ, ಏನು ತಿಳಿಯುವುದಿಲ್ಲ, ತಿಳಿದರೂ ಎಷ್ಟು ತಡವಾಗಿ ತಿಳಿಯುತ್ತದೆ, ತಿಳಿದದ್ದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಲು ಏಕೆ ಆಗುವುದಿಲ್ಲ ಎಂದು ಹುಡುಕಿದರೆ ಕಾದಂಬರಿಗೆ ಹೆಚ್ಚು ಪ್ರಯೋಜನ. ಕೊಲೆಗಾರನಿಗೆ ಜಾಗ ಸಿಗುವುದು ಆ ಸಂದಿಯಲ್ಲಿ; ಪತ್ತೇದಾರನಿಗೆ ಕೆಲಸ ಸಿಗುವುದೂ ಅಲ್ಲಿಯೇ.

ಮೊದಲು ಒಂದು ಪುಟ ಬರೆಯಿರಿ, ಇಸವಿ ಗೊತ್ತುಮಾಡಿ

ಓದಿಗೆ ಕೂರುವ ಮೊದಲು ಕಥೆಯನ್ನು ಒಂದೇ ಪುಟದಲ್ಲಿ ಬರೆದಿಡಬೇಕು. ಈ ಲೇಖನಕ್ಕಾಗಿ ಒಂದು ಕಥೆಯನ್ನು ಕಲ್ಪಿಸಿಕೊಳ್ಳೋಣ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ವರ್ಷಾನುಗಟ್ಟಲೆ ಗಲ್ಲಾದಲ್ಲಿ ಕೂತಿದ್ದ, ಕುಂದಾಪುರದ ಕಡೆಯ ಮನುಷ್ಯನೊಬ್ಬ ಜುಲೈ ತಿಂಗಳ ಒಂದು ರಾತ್ರಿ ಹೋಟೆಲು ಮುಚ್ಚಿ ಹೊರಟವನು ಕೋಣೆ ಸೇರುವುದಿಲ್ಲ. ಎರಡು ದಿನ ಕಳೆದು ಅವನ ಶವ ಮಾಹಿಮ್ ಖಾಡಿಯಲ್ಲಿ ಸಿಗುತ್ತದೆ. ಇಷ್ಟು ಬರೆದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಅವನು ನೀರಿನಲ್ಲಿ ಸತ್ತನೋ, ಸತ್ತ ಮೇಲೆ ನೀರಿಗೆ ಬಿದ್ದನೋ? ಖಾಡಿಯ ಆ ದಡ ಯಾವ ಠಾಣೆಗೆ ಸೇರಿದ್ದು? ಆ ರಾತ್ರಿ ಉಬ್ಬರ ಎಷ್ಟು ಗಂಟೆಗೆ? ಊರಿನಿಂದ ಅಣ್ಣ ಬರುವ ತನಕ ಶವವನ್ನು ಎಲ್ಲಿ ಇಡುತ್ತಾರೆ? ಪ್ರಶ್ನೆ ಇಲ್ಲದೆ ಆರಂಭಿಸಿದ ಓದಿಗೆ ಕೊನೆಯಿಲ್ಲ, ಕಾದಂಬರಿಯೂ ಆರಂಭವಾಗುವುದಿಲ್ಲ.

ಅದೇ ಪುಟದ ತಲೆಯ ಮೇಲೆ ಇಸವಿಯನ್ನು ಬರೆಯಬೇಕು. ಮುಂಬಯಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಕಥೆ 1985ರದ್ದಾದರೆ ಅನುಮಾನಾಸ್ಪದ ಸಾವಿನ ವಿಚಾರಣೆಯಲ್ಲಿ ಕರೋನರ್ ಎಂಬ ಅಧಿಕಾರಿ ಬರಲೇಬೇಕು. 1871ರ ಕಾಯಿದೆಯಿಂದ ನಡೆದುಬಂದಿದ್ದ ಆ ವ್ಯವಸ್ಥೆ ಈ ಊರಿನಲ್ಲಿ ರದ್ದಾದದ್ದು 1999ರಲ್ಲಿ. ಊರಿನ ಮುಖ್ಯ ರೈಲು ನಿಲ್ದಾಣ 1996ರ ತನಕ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್), ಆಮೇಲೆ ಸಿ.ಎಸ್.ಟಿ., 2017ರಿಂದ ಸಿ.ಎಸ್.ಎಂ.ಟಿ.; ಹಳೆಯ ಕನ್ನಡಿಗರ ಬಾಯಲ್ಲಿ ಇಂದಿಗೂ ವಿ.ಟಿ. ಎಂದೇ ಇದೆ, ಅದನ್ನು ಸಂಭಾಷಣೆಯಲ್ಲಿ ಉಳಿಸಿಕೊಳ್ಳಬಹುದು. ಬೀದಿಗಳಿಗೆ ಪೊಲೀಸರ ಸಿಸಿಟಿವಿ ಜಾಲ ಬಂದದ್ದು 2016ರಲ್ಲಿ. ಆ ನಂತರದ ಕಥೆಯಲ್ಲಿ ಒಬ್ಬ ಮನುಷ್ಯ ಮಾಟುಂಗಾದಿಂದ ಮಾಹಿಮ್‌ಗೆ ಯಾರ ಕಣ್ಣಿಗೂ ಬೀಳದೆ ಹೋದನೆಂದು ಬರೆಯಬೇಕಾದರೆ ಲೇಖಕ ಅದಕ್ಕೆ ಕಾರಣ ಕೊಡಬೇಕಾಗುತ್ತದೆ.

ತೀರ್ಪುಗಳಿಂದ ಆರಂಭಿಸಿ

ನನ್ನ ದೃಷ್ಟಿಯಲ್ಲಿ ಅಪರಾಧ ಕಾದಂಬರಿಕಾರರಿಗೆ ಅತ್ಯಂತ ಉಪಯುಕ್ತವಾದ ಓದು ಕೊಲೆ ಪ್ರಕರಣಗಳಲ್ಲಿ ಮೇಲಿನ ನ್ಯಾಯಾಲಯಗಳು ಕೊಟ್ಟ ತೀರ್ಪುಗಳು. ಸುಪ್ರೀಂ ಕೋರ್ಟಿನ ವರದಿಗಳು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿವೆ, ಹಲವು ತೀರ್ಪುಗಳ ಕನ್ನಡ ಅನುವಾದವೂ ಲಭ್ಯವಿದೆ; ಬಾಂಬೆ ಹೈಕೋರ್ಟಿನ ತೀರ್ಪುಗಳು ಅದರದೇ ತಾಣದಲ್ಲಿ ಸಿಗುತ್ತವೆ. ಆರಂಭದ ಹತ್ತಿಪ್ಪತ್ತು ಕಂಡಿಕೆಗಳಲ್ಲಿ ಘಟನೆಯ ವಿವರವಿರುತ್ತದೆ, ಮುಂದೆ ಸಾಕ್ಷಿಗಳು, ಕೊನೆಯಲ್ಲಿ ಕಾನೂನಿನ ಚರ್ಚೆ. ಮೊದಲ ಓದಿನಲ್ಲಿ ಕಾನೂನಿನ ಭಾಗವನ್ನು ಬಿಟ್ಟರೂ ನಷ್ಟವಿಲ್ಲ. ಸಾಕ್ಷಿಗಳ ಭಾಗವನ್ನು ಮಾತ್ರ ಪೆನ್ಸಿಲು ಹಿಡಿದು ಓದಬೇಕು: ಯಾರು ಏನನ್ನು ಕಂಡರು, ಪಾಟೀಸವಾಲಿನಲ್ಲಿ ಅದು ಎಲ್ಲಿ ಮುರಿಯಿತು, ಯಾವ ಪಂಚ (ಪೊಲೀಸರ ಶೋಧಕ್ಕೂ ಜಪ್ತಿಗೂ ಸಾಕ್ಷಿಯಾಗಿ ನಿಂತ ಹೊರಗಿನವ) ಉಲ್ಟಾ ಹೊಡೆದ ಎಂಬುದೆಲ್ಲ ಅಲ್ಲಿಯೇ ಇರುತ್ತದೆ.

ಮುಂಬಯಿಯವರು ನಾನಾವತಿ ಪ್ರಕರಣದಿಂದ ತೊಡಗಬಹುದು. 1959ರ ಏಪ್ರಿಲ್ 27ರಂದು ನಡೆದ ಗುಂಡೇಟಿನ ಆ ಪ್ರಕರಣದಲ್ಲಿ ಆರೋಪಿ ಐ.ಎನ್.ಎಸ್. ಮೈಸೂರು ಎಂಬ ಯುದ್ಧನೌಕೆಯ ಎರಡನೆಯ ಅಧಿಕಾರಿ. ಜ್ಯೂರಿಯ ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ. ಸೆಷನ್ಸ್ ನ್ಯಾಯಾಧೀಶರು ಆ ಅಭಿಪ್ರಾಯವನ್ನು ಸ್ವೀಕರಿಸದೆ ಹೈಕೋರ್ಟಿಗೆ ಒಪ್ಪಿಸಿದರು, ಅಲ್ಲಿ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1961ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಚಿತ್ರರಂಗದವರು ಇದರಲ್ಲಿ ಪ್ರೇಮ ತ್ರಿಕೋನವನ್ನು ಕಂಡರು. ಕಾದಂಬರಿಕಾರರು ನೋಡಬೇಕಾದದ್ದು ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಬರೆದ ತೀರ್ಪಿನೊಳಗಿನ ವಸ್ತುಗಳನ್ನು. ಆರೋಪಿ ರಾತ್ರಿ ಒಬ್ಬನೇ ಅಹ್ಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕಾಗಿದೆ ಎಂದು ಹೇಳಿ ಹಡಗಿನ ಉಗ್ರಾಣದಿಂದ ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದು, ಕಂದು ಬಣ್ಣದ ದೊಡ್ಡ ಲಕೋಟೆಯೊಂದರಲ್ಲಿ ಇಟ್ಟುಕೊಳ್ಳುತ್ತಾನೆ. ಗುಂಡು ಹಾರಿದ್ದು ಇಬ್ಬರ ಜಗ್ಗಾಟದಲ್ಲಿ, ಆಕಸ್ಮಿಕವಾಗಿ ಎಂಬುದು ಅವನ ವಾದ. ಸತ್ತ ವ್ಯಕ್ತಿ ಆಗತಾನೇ ಸ್ನಾನ ಮುಗಿಸಿ ಬಂದಿದ್ದು, ಅವನ ಮೈಮೇಲಿದ್ದುದು ಒಂದು ಟವೆಲು ಮಾತ್ರ. ನೆಲಕ್ಕೆ ಬಿದ್ದ ಮೇಲೂ ಆ ಟವೆಲು ಬಿಚ್ಚಿಕೊಳ್ಳದೆ ಸೊಂಟದಲ್ಲಿಯೇ ಇತ್ತು. ಜಗ್ಗಾಟ ನಡೆದಿದ್ದರೆ ಅದು ನಿಲ್ಲುತ್ತಿತ್ತೇ ಎಂಬ ಪ್ರಶ್ನೆ ವಾದವನ್ನು ಅಲುಗಾಡಿಸುತ್ತದೆ. ಇಂಥ ಒಂದು ಟವೆಲನ್ನು ಕಂಡುಕೊಳ್ಳಲು ಐವತ್ತು ತೀರ್ಪು ಓದಿದರೂ ಹೆಚ್ಚಾಗಲಿಲ್ಲ ಎನ್ನಬೇಕು.

ಎರಡನೆಯದಾಗಿ ಪುಣೆಯ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣವನ್ನು ಓದಬೇಕು. 1982ರಲ್ಲಿ ನವವಿವಾಹಿತೆಯೊಬ್ಬಳು ಪೊಟ್ಯಾಸಿಯಂ ಸಯನೈಡಿನಿಂದ ಸತ್ತಾಗ ಗಂಡನಿಗೆ ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿತು, ಹೈಕೋರ್ಟು ಅದನ್ನು ಒಪ್ಪಿತು, 1984ರಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಆಕೆ ಸೋದರಿಗೂ ಗೆಳತಿಗೂ ಬರೆದ ಪತ್ರಗಳನ್ನು ನ್ಯಾಯಮೂರ್ತಿಗಳು ಮತ್ತೆ ಮತ್ತೆ ಓದುತ್ತಾರೆ: ಅದೇ ಸಾಲುಗಳಿಂದ ಕೊಲೆಯೂ ಹೊರಡಬಹುದು, ಆತ್ಮಹತ್ಯೆಯೂ ಹೊರಡಬಹುದು. ಸಾಂದರ್ಭಿಕ ಸಾಕ್ಷ್ಯದ ಸರಪಳಿ ಎಷ್ಟು ಪೂರ್ಣವಾಗಿರಬೇಕೆಂಬ ಐದು ನಿಯಮಗಳನ್ನು, ‘ಪಂಚಶೀಲ’ ಎಂಬ ಹೆಸರಿನಿಂದಲೇ, ಈ ತೀರ್ಪು ಹೇಳುತ್ತದೆ. ಗಲ್ಲಾದ ಮನುಷ್ಯನ ಕೊಲೆಗೆ ಕಣ್ಣಾರೆ ಕಂಡ ಸಾಕ್ಷಿ ಇಲ್ಲವಾದರೆ, ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಜೋಡಿಸುವ ಸರಪಳಿಯನ್ನು ಈ ಐದು ನಿಯಮಗಳಿಗೆ ಒಡ್ಡಿ ನೋಡುವುದು ಲೇಖಕನೇ ಮಾಡಿಕೊಳ್ಳಬಹುದಾದ ಪರೀಕ್ಷೆ.

ಮಂಪರು ಪರೀಕ್ಷೆಯಿಂದ ಆರೋಪಿಯ ಬಾಯಿ ಬಿಡಿಸುವ ದೃಶ್ಯ ಮನಸ್ಸಿನಲ್ಲಿದ್ದರೆ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪನ್ನು ಓದಿ, ಆ ದೃಶ್ಯವನ್ನು ಕೈಬಿಡಿ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಸಲ್ಲದು ಎಂದು ಅದು ಸ್ಪಷ್ಟವಾಗಿ ಹೇಳಿದೆ.

ಕಾಯಿದೆ: ಎಲ್ಲವನ್ನೂ ಓದಬೇಕಾಗಿಲ್ಲ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಯ ಶಿಕ್ಷೆಗೆ 302 ಎಂಬ ಸಂಖ್ಯೆ ಹೋಗಿ 103 ಬಂದಿದೆ. ಆದರೆ ಅಪರಾಧ ನಡೆದ ದಿನಾಂಕವೇ ಸೆಕ್ಷನ್ನನ್ನು ನಿರ್ಧರಿಸುತ್ತದೆಯಾದ್ದರಿಂದ, 2023ರಲ್ಲಿ ನಡೆದ ಕೊಲೆಯ ವಿಚಾರಣೆ 2026ರಲ್ಲಿ ನಡೆಯುತ್ತಿದ್ದರೂ ಆರೋಪ 302ರ ಕೆಳಗೇ ಇರುತ್ತದೆ.

ಕಾದಂಬರಿಗೆ ಬೇಕಾದ ಸೆಕ್ಷನ್ನುಗಳು ಬೆರಳೆಣಿಕೆಯಷ್ಟು. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎಫ್.ಐ.ಆರ್. ಕುರಿತ 173, ಅನುಮಾನಾಸ್ಪದ ಸಾವಿನ ವಿಚಾರಣೆಯ 194, ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕೆನ್ನುವ 105, ಚಾರ್ಜ್‌ಶೀಟಿಗೆ 60 ಅಥವಾ 90 ದಿನಗಳ ಗಡುವು ಮೀರಿದರೆ ಆರೋಪಿಗೆ ಜಾಮೀನಿನ ಹಕ್ಕು ಕೊಡುವ 187. ಈ ಕೊನೆಯದು ಕಥೆಗೆ ಸಿದ್ಧವಾಗಿ ಸಿಗುವ ಗಡಿಯಾರ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸಾಕ್ಷ್ಯ ಅಧಿನಿಯಮದ 23. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ; ಅವನ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಆದ್ದರಿಂದಲೇ ಮುಂಬಯಿಯ ಠಾಣೆಗಳಲ್ಲಿ ಇಬ್ಬರು ಪಂಚರನ್ನು ಕೂರಿಸಿ, ಆರೋಪಿಯ ಮಾತನ್ನು ಮೆಮೊರೆಂಡಮ್ ಪಂಚನಾಮೆಯಲ್ಲಿ ಬರೆದು, ಅವನನ್ನೇ ಮುಂದೆ ನಡೆಸಿಕೊಂಡು ಹೋಗಿ ಚೂರಿಯನ್ನು ತೆಗೆಸುತ್ತಾರೆ. ಎಷ್ಟೋ ಕಾದಂಬರಿಗಳು ತಪ್ಪೊಪ್ಪಿಗೆಯೊಂದಿಗೆ ಮುಗಿಯುತ್ತವೆ. ಇಲ್ಲಿನ ತನಿಖಾಧಿಕಾರಿಗೆ ನಿಜವಾದ ಚಿಂತೆ ಅಲ್ಲಿಂದ ಆರಂಭ.

ವೈದ್ಯಶಾಸ್ತ್ರ: ನಿಧಾನವಾಗಿ, ಪೂರ್ತಿಯಾಗಿ

ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಓದುವ ನ್ಯಾಯವೈದ್ಯಶಾಸ್ತ್ರದ ಪಠ್ಯಪುಸ್ತಕವೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಭಾರತೀಯ ಲೇಖಕರದ್ದೇ ಆಗಬೇಕೆಂಬುದು ಇಲ್ಲಿನ ಷರತ್ತು, ಏಕೆಂದರೆ ಸಾವಿನ ನಂತರದ ಬದಲಾವಣೆಗಳು ಹವೆಗೆ ಅನುಸಾರವಾಗಿ ನಡೆಯುತ್ತವೆ. ಶವ ತಣ್ಣಗಾದ ಪ್ರಮಾಣದಿಂದ ಸಮಯ ಲೆಕ್ಕಹಾಕುವ ಪಾಶ್ಚಾತ್ಯ ಪತ್ತೇದಾರ ಮೇ ತಿಂಗಳ ಮುಂಬಯಿಯ ಮುಚ್ಚಿದ ಕೋಣೆಯಲ್ಲಿ ಸೋತುಹೋಗುತ್ತಾನೆ. ಅಲ್ಲಿ ಗಾಳಿಯೇ ಮೈಯಷ್ಟು ಬಿಸಿಯಾಗಿರುವಾಗ ಶವ ತಣಿಯುವುದೇ ಕಷ್ಟ. ಶವ ಸೆಟೆದುಕೊಳ್ಳುವುದು ನಮ್ಮ ಹವೆಯಲ್ಲಿ ಒಂದೆರಡು ಗಂಟೆಗಳಲ್ಲಿ ಆರಂಭವಾಗಿ, ಸುಮಾರು ಹನ್ನೆರಡು ಗಂಟೆಗಳಲ್ಲಿ ಮೈಯೆಲ್ಲ ವ್ಯಾಪಿಸಿ, ಬೇಸಿಗೆಯಲ್ಲಿ ಬೇಗನೆ ಬಿಟ್ಟುಹೋಗುತ್ತದೆ. ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ ಹಸಿರು ಬಣ್ಣ ಕಾಣಿಸಿಕೊಳ್ಳುವುದು ಬೇಸಿಗೆಯಲ್ಲಿ 12ರಿಂದ 18 ಗಂಟೆಗಳಲ್ಲಿ, ಚಳಿಗಾಲದಲ್ಲಿ ಒಂದೆರಡು ದಿನಗಳಲ್ಲಿ. ನೀರಿನಲ್ಲಿ ಮುಳುಗಿದ ಶವ ತೇಲಿಬರಲು ಬೇಸಿಗೆಯಲ್ಲಿ ಸುಮಾರು ಒಂದು ದಿನ, ಚಳಿಗಾಲದಲ್ಲಿ ಎರಡು ಮೂರು ದಿನ ಬೇಕೆಂದು ನಮ್ಮ ಪಠ್ಯಗಳು ಹೇಳುತ್ತವೆ. ಈ ಅಂಕಿಗಳ ಜೊತೆಗೆ ಅವುಗಳ ಸಡಿಲತೆಯನ್ನೂ ಟಿಪ್ಪಣಿ ಮಾಡಿಕೊಳ್ಳಬೇಕು. ‘ರಾತ್ರಿ 11.20ಕ್ಕೆ ಸತ್ತಿದ್ದಾನೆ’ ಎಂದು ಯಾವ ವೈದ್ಯರೂ ಹೇಳುವುದಿಲ್ಲ.

ನಮ್ಮ ಕಥೆಗೆ ಬೇಕಾದ ಅಧ್ಯಾಯ ಮುಳುಗಿ ಸಾಯುವುದರ ಕುರಿತದ್ದು. ಬಾಯಿ ಮೂಗುಗಳ ಬಳಿ ಬಿಳಿಯ ನೊರೆ, ಬಿಗಿಮುಷ್ಟಿಯಲ್ಲಿ ಹುಲ್ಲೋ ಕೆಸರೋ ಸಿಕ್ಕಿದ್ದರೆ, ಜೀವವಿದ್ದಾಗಲೇ ನೀರಿಗೆ ಬಿದ್ದ ಸೂಚನೆ. ಅಂಗೈ ಅಂಗಾಲುಗಳ ಚರ್ಮ ನೆರಿಗೆಗಟ್ಟಿರುವುದು ಶವ ನೀರಿನಲ್ಲಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಸತ್ತ ಮೇಲೆ ಎಸೆದರೂ ಅದು ಹಾಗೆಯೇ ಆಗುತ್ತದೆ. ಇನ್ನು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಪರೀಕ್ಷೆ. ಇವುಗಳ ಕವಚ ಸಿಲಿಕಾದ್ದು, ಆಮ್ಲದಲ್ಲಿ ಕರಗುವುದಿಲ್ಲ. ಮುಳುಗುವ ಮನುಷ್ಯ ಉಸಿರೆಳೆದಾಗ ನೀರಿನೊಡನೆ ಇವು ಶ್ವಾಸಕೋಶಕ್ಕೆ, ಅಲ್ಲಿಂದ ಇನ್ನೂ ಹರಿಯುತ್ತಿರುವ ರಕ್ತದ ಮೂಲಕ ಎಲುಬಿನ ಮಜ್ಜೆಯ ತನಕ ತಲುಪಬಹುದು. ಹೃದಯ ನಿಂತ ಮೇಲೆ ಅಷ್ಟು ದೂರ ಹೋಗಲಾರವು. ಸಿಹಿನೀರಿನ ಜಾತಿಗಳು ಬೇರೆ, ಉಪ್ಪುನೀರಿನವು ಬೇರೆ. ಖಾಡಿಯಲ್ಲಿ ಸಿಕ್ಕ ಶವದ ಮಜ್ಜೆಯಲ್ಲಿ ಕೆರೆಯ ಡಯಾಟಮ್‌ಗಳು ಮಾತ್ರ ಕಂಡರೆ? ಮಿಥಿ ನದಿ ಹೊರಡುವುದು ಪವಾಯಿ ಮತ್ತು ವಿಹಾರ್ ಕೆರೆಗಳ ಕಡೆಯಿಂದ, ಸೇರುವುದು ಮಾಹಿಮ್ ಖಾಡಿಯನ್ನು. ಶವವೇ ಹರಿದುಬಂತೋ, ಯಾರಾದರೂ ತಂದು ಹಾಕಿದರೋ ಎಂಬ ಪ್ರಶ್ನೆಯಿಂದ ಇನ್ನೂರು ಪುಟ ನಡೆಸಬಹುದು. ಈ ಪರೀಕ್ಷೆಯ ಖಚಿತತೆಯ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ; ಪಾಟೀಸವಾಲಿನ ದೃಶ್ಯ ಬರೆಯುವವರಿಗೆ ಅದೂ ಅನುಕೂಲವೇ.

ಪಠ್ಯಪುಸ್ತಕದ ಜೊತೆಗೆ ಮರಣೋತ್ತರ ವರದಿಯ ನಮೂನೆಯನ್ನು ಪರಿಚಯ ಮಾಡಿಕೊಳ್ಳಬೇಕು. ಮಹಾರಾಷ್ಟ್ರದ ನಮೂನೆಯಲ್ಲಿ ಹೊರಗಿನ ಗಾಯಗಳನ್ನು ಬರೆಯುವುದು 17ನೇ ಕಾಲಮಿನಲ್ಲಿ, ಹೊಟ್ಟೆಯೊಳಗಿನ ವಿವರ 21ರಲ್ಲಿ. ವಕೀಲರು ನ್ಯಾಯಾಲಯದಲ್ಲಿ ‘ಕಾಲಂ 17 ನೋಡಿ’ ಎಂದೇ ಹೇಳುತ್ತಾರೆ. ಜಠರದಲ್ಲಿ ಸಿಕ್ಕ ಅನ್ನದಿಂದ ಊಟವಾಗಿ ಎಷ್ಟು ಹೊತ್ತಾಗಿತ್ತೆಂದು ಊಹಿಸುತ್ತಾರಾದರೂ, ಭಯ, ಗಾಯ, ಕುಡಿತ ಯಾವುದರಿಂದಲೂ ಜೀರ್ಣಕ್ರಿಯೆ ನಿಧಾನವಾಗಬಹುದಾದ್ದರಿಂದ ಅದೂ ಊಹೆಯೇ. ವಿಷದ ಶಂಕೆ ಇದ್ದರೆ ಒಳಾಂಗಗಳನ್ನು ಸಾಮಾನ್ಯವಾಗಿ ಅಡುಗೆ ಉಪ್ಪಿನ ಸಂತೃಪ್ತ ದ್ರಾವಣದಲ್ಲಿಟ್ಟು, ಮೊಹರು ಮಾಡಿ, ಕಲೀನಾದ ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಉತ್ತರವಾಗಿ ಬರುವ ‘ಸಿ.ಎ. ರಿಪೋರ್ಟ್’ (ಕೆಮಿಕಲ್ ಅನಲೈಸರ್, ಅಂದರೆ ರಾಸಾಯನಿಕ ವಿಶ್ಲೇಷಕರ ವರದಿ) ಮರುದಿನವೇ ಕೈಸೇರುತ್ತದೆಂದು ಬರೆಯಬೇಡಿ. ಅದಕ್ಕಾಗಿ ಕಾಯುವುದು ತನಿಖೆಯ ಒಂದು ಭಾಗ. ವಿಷದ ಪ್ರಮಾಣವನ್ನೂ ಬೆರೆಸುವ ಬಗೆಯನ್ನೂ ಕಾದಂಬರಿಯಲ್ಲಿ ಬಿಡಿಸಿ ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಓದುಗರಿಗೆ ಅದು ಬೇಕಾಗಿಯೂ ಇಲ್ಲ.

ಅಂದ ಹಾಗೆ, ಆ ಪ್ರಯೋಗಾಲಯವೂ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಕಲೀನಾದ ಅದೇ ವಿದ್ಯಾನಗರಿಯಲ್ಲಿವೆ. ಮುಂಬಯಿ ಕನ್ನಡಿಗರ ಕುರಿತ ಪ್ರಕಟಣೆಗಳನ್ನು ಹುಡುಕಿ ಅತ್ತ ಹೋದವರು ಆ ರಸ್ತೆಯಲ್ಲೊಮ್ಮೆ ನಡೆದುಬಂದರೆ ಒಂದು ದೃಶ್ಯದ ಹಿನ್ನೆಲೆ ಸಿಕ್ಕಿದಂತೆ.

ಠಾಣೆಯ ಕಾಗದ

ಸುಪ್ರೀಂ ಕೋರ್ಟಿನ 2016ರ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್.ಐ.ಆರ್.ಗಳು ಪೊಲೀಸ್ ತಾಣದಲ್ಲಿ ಪ್ರಕಟವಾಗಬೇಕು. ಮಹಾರಾಷ್ಟ್ರದವು ಮರಾಠಿಯಲ್ಲಿರುತ್ತವೆ, ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡವರಿಗೆ ಅದು ಅಡ್ಡಿಯಾಗಲಾರದು. ಫಿರ್ಯಾದುದಾರ ತನ್ನ ಹೆಸರು, ವಯಸ್ಸು, ಕಸುಬಿನಿಂದ ಆರಂಭಿಸಿ, ಹೆಂಡತಿ ಮಕ್ಕಳೊಡನೆ ಎಲ್ಲಿ ಇರುತ್ತೇನೆಂದು ಹೇಳಿ, ಆಮೇಲೆ ಘಟನೆಗೆ ಬರುವ ಆ ಶೈಲಿಯನ್ನು ಕಿವಿಗೆ ಹಾಕಿಕೊಳ್ಳಬೇಕು. ಬೇರೆಯವರ ಹೆಸರು ವಿಳಾಸಗಳನ್ನು ಟಿಪ್ಪಣಿಗೆ ಇಳಿಸಬೇಡಿ.

ಕರ್ನಾಟಕದ ಠಾಣೆಯನ್ನು ಮುಂಬಯಿಗೆ ತಂದು ನಿಲ್ಲಿಸಲಾಗದು. ಇಲ್ಲಿ ಸರ್ಕಲ್ ಇನ್ಸ್‌ಪೆಕ್ಟರ್ ಇಲ್ಲ, ಪಿ.ಎಸ್.ಐ. ಮತ್ತು ಪಿ.ಐ. (ಪೊಲೀಸ್ ಇನ್ಸ್‌ಪೆಕ್ಟರ್) ನಡುವೆ ಎ.ಪಿ.ಐ. (ಅಸಿಸ್ಟೆಂಟ್ ಪೊಲೀಸ್ ಇನ್ಸ್‌ಪೆಕ್ಟರ್) ಎಂಬ ದರ್ಜೆ ಇದೆ, ಠಾಣೆಯ ಮುಖ್ಯಸ್ಥರು ಸೀನಿಯರ್ ಪಿ.ಐ. ಖಾಡಿಯ ಹೆಣ ಮೊದಲು ಎ.ಡಿ.ಆರ್., ಅಂದರೆ ಆಕಸ್ಮಿಕ ಸಾವಿನ ವರದಿಯಾಗಿ ದಾಖಲಾಗುತ್ತದೆ. ಕೊಲೆಯೆಂದು ಕಂಡ ಮೇಲೆ ಎಫ್.ಐ.ಆರ್. ಹಳಿಯ ಮೇಲೆ ಸಿಕ್ಕ ಶವವಾದರೆ ರೈಲ್ವೆ ಪೊಲೀಸರ ಪಾಲು. ನ್ಯಾಯಾಲಯಗಳ ಕಲಾಪ ಸಾಮಾನ್ಯವಾಗಿ ಮುಕ್ತವಾಗಿರುವುದರಿಂದ, ಕಾಲಾ ಘೋಡಾದ ಸೆಷನ್ಸ್ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಮೊಬೈಲು ಆರಿಸಿ ಕೂತು ಪಾಟೀಸವಾಲು ಕೇಳುವುದನ್ನೂ ಓದಿನ ಭಾಗವೆಂದೇ ಎಣಿಸಬೇಕು.

ಊರನ್ನು ಓದುವುದು

ಉಬ್ಬರವಿಳಿತದ ಪಟ್ಟಿ, ಮಳೆಯ ಅಂಕಿ, ಲೋಕಲ್ ಟೈಮ್‌ಟೇಬಲ್ ಈ ಮೂರನ್ನು ಒಟ್ಟಿಗೆ ಮೇಜಿನ ಮೇಲೆ ಹರಡಬೇಕು. ಮುಂಬಯಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಉಬ್ಬರ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ ಬರುತ್ತದೆ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ಮೀರುವ ಉಬ್ಬರದ ದಿನಗಳನ್ನು ಪಾಲಿಕೆ ಮುಂಚಿತವಾಗಿಯೇ ಪ್ರಕಟಿಸುತ್ತದೆ. ಉಬ್ಬರದ ನೀರು ಖಾಡಿಯೊಳಕ್ಕೆ ನುಗ್ಗುವಾಗ ಶವ ಮೇಲಕ್ಕೂ ಹೋಗಬಹುದಾದ್ದರಿಂದ, ಸಿಕ್ಕ ಜಾಗದಿಂದ ಬಿದ್ದ ಜಾಗವನ್ನು ಹೇಳಲಾಗದು. ಮಳೆಯೂ ಊರಿಗೆಲ್ಲ ಒಂದೇ ಅಲ್ಲ. 2005ರ ಜುಲೈ 26ರ ಪ್ರಳಯದಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದರೆ ಕೊಲಾಬಾದಲ್ಲಿ ನೂರು ಮಿ.ಮೀ. ಕೂಡ ಆಗಿರಲಿಲ್ಲ, ‘ನಾನು ಕೊಲಾಬಾದಲ್ಲಿದ್ದೆ, ರಸ್ತೆಯಲ್ಲಿ ಎದೆಮಟ್ಟ ನೀರಿತ್ತು’ ಎನ್ನುವ ಪಾತ್ರ ಅಲ್ಲಿಯೇ ಸಿಕ್ಕಿಬೀಳಬೇಕು. ಚರ್ಚ್‌ಗೇಟಿನಿಂದಾಗಲಿ ಸಿ.ಎಸ್.ಎಂ.ಟಿ.ಯಿಂದಾಗಲಿ ರಾತ್ರಿ ಸುಮಾರು ಒಂದರ ನಂತರ ನಸುಕಿನ ನಾಲ್ಕರ ತನಕ ಲೋಕಲ್ ಹೊರಡುವುದಿಲ್ಲ ಎಂಬುದನ್ನೂ ಕೊಲೆಗಾರ ಲೆಕ್ಕಕ್ಕೆ ಹಿಡಿದಿರಬೇಕು.

ಪಾತ್ರಗಳ ಬದುಕಿಗೆ ಕನ್ನಡದ ಕಾಗದಗಳೇ ಆಧಾರ. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಬಿಲ್ಲವರ, ಬಂಟರ ಸಂಘಗಳು ಹೊರತಂದ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಲೇಖನಗಳಿಗಿಂತ ಜಾಹೀರಾತುಗಳನ್ನು ನೋಡಿ. ಯಾವ ಹೋಟೆಲು ಯಾವ ದಶಕದಲ್ಲಿ ಯಾರದ್ದಾಗಿತ್ತು, ಭಾಗೀದಾರರ ಹೆಸರು ಯಾವ ವರ್ಷದಿಂದ ಕಾಣೆಯಾಯಿತು, ಫೋನ್ ನಂಬರಿಗೆ ಎಷ್ಟು ಅಂಕಿ ಇದ್ದವು ಎಂಬುದೆಲ್ಲ ಅಲ್ಲಿ ಅಚ್ಚಾಗಿ ಕೂತಿದೆ. ಮುಂಬಯಿಯ ಕನ್ನಡ ದಿನಪತ್ರಿಕೆಗಳ ಶ್ರದ್ಧಾಂಜಲಿ ಪ್ರಕಟಣೆಗಳೂ ಹಾಗೆಯೇ: ಹೆಸರು ಹಾಕಿಸಿದ ಬಂಧುಗಳ ಪಟ್ಟಿಯಲ್ಲಿ ಯಾರಿಲ್ಲ ಎಂಬುದನ್ನು ಗಮನಿಸಬೇಕು. ಕಥೆ ನೂರು ವರ್ಷ ಹಿಂದಿನದಾದರೆ 1909–10ರ ಬಾಂಬೆ ಗೆಜೆಟಿಯರ್ ನೋಡಬಹುದು. ಅದನ್ನು ಸಿದ್ಧಪಡಿಸಿದ ಎಡ್ವರ್ಡ್ಸ್ ಈ ಊರಿನ ಪೊಲೀಸ್ ಕಮಿಷನರೂ ಆಗಿದ್ದರು.

ಓದು ನಿಲ್ಲಿಸಿ ತೋರಿಸುವ ಹೊತ್ತು

ಟಿಪ್ಪಣಿ ಪುಸ್ತಕವನ್ನು ವಿಷಯವಾರು ಬರೆಯದೆ ದಿನವಾರು ಬರೆಯುವುದು ಉತ್ತಮ. ಶವ ಸಿಕ್ಕ ದಿನವನ್ನು ಮೊದಲ ದಿನವೆಂದು ಹಿಡಿದು, ಆ ದಿನ ಪಿ.ಎಸ್.ಐ.ಗೆ ಏನು ಗೊತ್ತು, ಅಣ್ಣನಿಗೆ ಏನು ಗೊತ್ತು, ಹೋಟೆಲು ಮಾಲೀಕರಿಗೆ ಏನು ಗೊತ್ತು, ಓದುಗರಿಗೆ ಏನು ಗೊತ್ತು ಎಂದು ನಾಲ್ಕು ಮನೆ ಗೆರೆ ಹಾಕಿ ತುಂಬುತ್ತ ಹೋಗಬೇಕು. ತುಂಬಲಾರದ ಮನೆಗಾಗಿ ಮಾತ್ರ ಮತ್ತೆ ಪುಸ್ತಕ ತೆರೆಯಬೇಕು. ಹೊಸ ಪುಸ್ತಕದಿಂದ ಯಾವ ಮನೆಯೂ ಬದಲಾಗದಿದ್ದರೆ ಓದು ಸಾಕಾಯಿತೆಂದು ತಿಳಿಯಬಹುದು. ನಿಜ ಪ್ರಕರಣದಿಂದ ಎಳೆ ಪಡೆದಿದ್ದರೆ ಹೆಸರು, ಬೀದಿ, ಕಸುಬು ಮೂರನ್ನೂ ಬದಲಿಸಬೇಕು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ರ ಕೆಳಗೆ ಶಿಕ್ಷಾರ್ಹ.

ಕರಡು ಮುಗಿದ ಮೇಲೆ ಅದನ್ನು ಕ್ರಿಮಿನಲ್ ವಕೀಲರೊಬ್ಬರಿಗೆ, ವೈದ್ಯರೊಬ್ಬರಿಗೆ, ಹೋಟೆಲಿನಲ್ಲಿ ದುಡಿದವರೊಬ್ಬರಿಗೆ ತೋರಿಸಬೇಕು. ಪೂರ್ತಿ ಕಾದಂಬರಿ ಕೊಟ್ಟು ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಅವರವರಿಗೆ ಸಂಬಂಧಿಸಿದ ಅಧ್ಯಾಯವನ್ನಷ್ಟೇ ಕೊಟ್ಟು, ಖಚಿತವಾದ ಪ್ರಶ್ನೆಯನ್ನು ಕೇಳಬೇಕು: ವಕೀಲರಿಗೆ ಈ ಪಂಚನಾಮೆಯನ್ನು ಎಲ್ಲಿ ಒಡೆಯುತ್ತೀರಿ ಎಂದು, ವೈದ್ಯರಿಗೆ ಈ ವರದಿಯ ಯಾವ ವಾಕ್ಯಕ್ಕೆ ಸಹಿ ಹಾಕುವುದಿಲ್ಲ ಎಂದು, ಹೋಟೆಲಿನವರಿಗೆ ರಾತ್ರಿ ಗಲ್ಲಾದ ಲೆಕ್ಕ ಮುಗಿದ ಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು.